ಚಲನಚಿತ್ರದಲ್ಲಿ ಸಾಮೂಹಿಕ ಆತಂಕ: ಬೀದರ್ ಸೀಮೆಯ ಹಿನ್ನೆಲೆಯಲ್ಲಿ

ಚಲನಚಿತ್ರದಲ್ಲಿ ಸಾಮೂಹಿಕ ಆತಂಕದ ಚಿತ್ರಣವೆಂದರೆ ಬರ, ಯುದ್ಧ, ಸಾಂಕ್ರಾಮಿಕ ರೋಗ, ಕೋಮುಗಲಭೆ, ಆಳ್ವಿಕೆಯ ಪಲ್ಲಟ ಮೊದಲಾದ ಸಂಕಟಕಾಲಗಳಲ್ಲಿ ಒಂದು ಜನಸಮುದಾಯ ಒಟ್ಟಾಗಿ ಅನುಭವಿಸುವ ಭಯ, ಸಂಶಯ, ಅನಿಶ್ಚಯಗಳು ತೆರೆಯ ಮೇಲೆ ಕಥೆಯಾಗಿ, ಪಾತ್ರವಾಗಿ, ದೃಶ್ಯವಾಗಿ ಮೈದಾಳುವ ಕ್ರಮ. ಇದು ಯಾವುದೋ ಒಂದು ಪ್ರಕಾರದ ಚಿತ್ರಗಳಿಗೆ ಸೀಮಿತವಾದುದಲ್ಲ. ಭಕ್ತಿಚಿತ್ರ, ಐತಿಹಾಸಿಕ ಚಿತ್ರ, ಪ್ರೇಮಕಥೆ, ಪೊಲೀಸ್ ಕಥೆ, ಹೊಸ ಅಲೆಯ ಚಿತ್ರ, ಸಾಕ್ಷ್ಯಚಿತ್ರ ಎಲ್ಲದರಲ್ಲೂ ಇದನ್ನು ಗುರುತಿಸಬಹುದು. ಈ ಲೇಖನ ವಿಷಯದ ಸಾಮಾನ್ಯ ಪರಿಚಯ ಕೊಟ್ಟು, ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ನಗರ, ಭಾಲ್ಕಿ, ಔರಾದ್ ಸೀಮೆಯನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳುತ್ತದೆ. ಕನ್ನಡ, ಮರಾಠಿ, ಉರ್ದು–ದಖನಿ, ತೆಲುಗು ನಾಲ್ಕೂ ಕೂಡುವ ಈ ಸೀಮೆಯ ಆತಂಕಗಳು ಒಂದೇ ಭಾಷೆಯ ಸಿನಿಮಾದಲ್ಲಿ ಸಿಗುವುದಿಲ್ಲ. ಅವು ನಾಲ್ಕು ಭಾಷೆಗಳಲ್ಲಿ ಹಂಚಿಹೋಗಿವೆ.

ಪರಿಭಾಷೆ

ಭಯಕ್ಕೆ ಕಣ್ಣೆದುರಿನ ಕಾರಣವಿರುತ್ತದೆ. ಆತಂಕ ಇನ್ನೂ ಬಾರದ, ಬರಬಹುದಾದ ಕೇಡನ್ನು ಕುರಿತದ್ದು. ಅದು ಒಬ್ಬರದಾಗಿರದೆ ಊರಿಗೆ, ಜಾತಿಗೆ, ವರ್ಗಕ್ಕೆ, ನಾಡಿಗೆ ಸೇರಿದ್ದಾದಾಗ ಸಾಮೂಹಿಕ ಆತಂಕವೆನಿಸುತ್ತದೆ. ಚಿತ್ರವೊಂದು ಸಂಕಟವನ್ನು ಅದರ ಹೆಸರು, ಕಾಲ, ಸ್ಥಳಗಳೊಂದಿಗೆ ತೋರಿಸಿದರೆ ಇಲ್ಲಿ ಅದನ್ನು ನೇರ ಚಿತ್ರಣ ಎಂದೂ, ಬೇರೆ ಕಾಲದ ಅಥವಾ ಬೇರೆ ಬಗೆಯ ಕಥೆಯ ಮರೆಯಲ್ಲಿ ಹೇಳಿದರೆ ಓರೆ ಚಿತ್ರಣ ಎಂದೂ ಕರೆಯಲಾಗಿದೆ.

ಪರಿಕಲ್ಪನೆಯ ಉಗಮ

ಸಿನಿಮಾ ಒಂದು ಸಮಾಜದ ಒಳಮನಸ್ಸನ್ನು ಬಿಚ್ಚಿಡುತ್ತದೆ ಎಂಬ ವಾದವನ್ನು ವ್ಯವಸ್ಥಿತವಾಗಿ ಮಂಡಿಸಿದವರಲ್ಲಿ ಮೊದಲಿಗರು ಜರ್ಮನಿಯ ಚಿಂತಕ ಸೀಗ್‌ಫ್ರೀಡ್ ಕ್ರಾಕೌರ್. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಬಂದ ಚಿತ್ರಗಳಲ್ಲಿ ಸರ್ವಾಧಿಕಾರದ ಎದುರು ಮಣಿಯುವ ಮನೋಭಾವ ಮೊದಲೇ ಮೂಡಿತ್ತು ಎಂದು ಅವರು 1947ರಲ್ಲಿ ಪ್ರಕಟವಾದ ‘ಕ್ಯಾಲಿಗರಿಯಿಂದ ಹಿಟ್ಲರ್‌ವರೆಗೆ’ ಎಂಬ ಗ್ರಂಥದಲ್ಲಿ ವಾದಿಸಿದರು. ನಿದ್ದೆಯಲ್ಲಿ ನಡೆಯುವವನೊಬ್ಬನನ್ನು ವಶದಲ್ಲಿಟ್ಟುಕೊಂಡು ಕೊಲೆ ಮಾಡಿಸುವ ವೈದ್ಯನ ಕಥೆಯುಳ್ಳ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ (1920) ಅವರ ವಾದದ ಆರಂಭಬಿಂದು. ನಡೆದುಹೋದ ಚರಿತ್ರೆಯನ್ನು ಹಿಂದಿನ ಚಿತ್ರಗಳ ಮೇಲೆ ಹೇರಿ ಓದಲಾಗಿದೆ ಎಂಬ ಟೀಕೆ ಆ ಗ್ರಂಥದ ಮೇಲೆ ಇಂದಿಗೂ ಇದೆ. ಆದರೂ ಚಿತ್ರಗಳನ್ನು ಹೀಗೆ ಓದುವ ಪದ್ಧತಿ ಬೇರೂರಿತು.

ಜಪಾನಿನ ‘ಗೋಜಿರಾ’ (1954) ಇದರ ಸ್ಪಷ್ಟ ನಿದರ್ಶನ. ಆ ವರ್ಷದ ಮಾರ್ಚಿಯಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ನಡೆಸಿದ ಜಲಜನಕ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಬಿದ್ದಿತ್ತು. ನವೆಂಬರ್‌ನಲ್ಲಿ, ಅಣು ಪರೀಕ್ಷೆಯಿಂದ ಎಚ್ಚೆತ್ತ ದೈತ್ಯಪ್ರಾಣಿ ಟೋಕಿಯೊ ನಗರವನ್ನು ತುಳಿಯುವ ಕಥೆ ತೆರೆಗೆ ಬಂತು. ಎಂಟೇ ತಿಂಗಳಲ್ಲಿ ನಾಡಿನ ಭಯ ತೆರೆಯೇರಿದ್ದು ಓರೆ ಚಿತ್ರಣದಿಂದ. ನೇರ ಚಿತ್ರಣ ಹೀಗೆ ಬೇಗ ಬರುವುದು ಅಪರೂಪ. ಭಾರತದ ವಿಭಜನೆ 1947ರಲ್ಲಾಯಿತು. ಆಗ್ರಾದ ಮುಸ್ಲಿಂ ಕುಟುಂಬವೊಂದು ಹೋಗಬೇಕೋ ಇರಬೇಕೋ ಎಂದು ತಳಮಳಿಸುವುದನ್ನು ತೋರಿದ, ಮೈಸೂರು ಮೂಲದ ಎಂ.ಎಸ್. ಸತ್ಯು ನಿರ್ದೇಶನದ ‘ಗರ್ಮ್ ಹವಾ’ ತಯಾರಾದದ್ದು 1973ರಲ್ಲಿ. ಕೋಮುಸೌಹಾರ್ದ ಕೆಡಬಹುದೆಂಬ ಅಂಜಿಕೆಯಿಂದ ಅದರ ಪ್ರಮಾಣಪತ್ರವನ್ನೂ ತಿಂಗಳುಗಟ್ಟಲೆ ತಡೆಹಿಡಿಯಲಾಗಿತ್ತು.

ರಚನೆ

ಆತಂಕ ತೆರೆಗೆ ಬರುವಾಗ ಮೊದಲು ಆಗುವ ಕೆಲಸ ಅದಕ್ಕೊಂದು ಮುಖ ಕೊಡುವುದು. ಮಳೆ ಬಾರದಿರುವುದಕ್ಕೆ ಮುಖವಿಲ್ಲ, ಬೆಲೆ ಕುಸಿತಕ್ಕೂ ಇಲ್ಲ. ಕಥೆ ಆ ಜಾಗದಲ್ಲಿ ಸಾಹುಕಾರನನ್ನೋ ದಲ್ಲಾಳಿಯನ್ನೋ ಮಂತ್ರಿಯನ್ನೋ ನಿಲ್ಲಿಸುತ್ತದೆ. ಇದು ಸಿನಿಮಾದ ಶಕ್ತಿಯೂ ಹೌದು, ಅಪಾಯವೂ ಹೌದು. ಯಾಕೆಂದರೆ ನಿಲ್ಲಿಸಿದ ಮುಖ ನಿಜವಾದ ಕಾರಣಕರ್ತನದೇ ಆಗಿರಬೇಕೆಂದಿಲ್ಲ. ಪಕ್ಕದ ಕೇರಿಯವನದಾಗಿರಬಹುದು, ಬೇರೆ ಧರ್ಮದವನದಾಗಿರಬಹುದು.

ಎರಡನೆಯದು ನೋಡುವವನ ಸ್ಥಾನ. ಕನ್ನಡದ ಇಂಥ ಚಿತ್ರಗಳಲ್ಲಿ ಊರಿಗೆ ಹೊರಗಿನಿಂದ ಬಂದವನು ಅಥವಾ ಊರಿಗೆ ಮರಳಿದವನು ಕಥೆಯ ಕಣ್ಣಾಗುತ್ತಾನೆ. ‘ಬಂಗಾರದ ಮನುಷ್ಯ’ದಲ್ಲಿ (1972) ಆತ ಬಂಜರು ನೆಲ ಹಸನು ಮಾಡುವ ರಾಜೀವ, ಮುಂದೆ ವಿವರವಾಗಿ ನೋಡಲಿರುವ ‘ಬರ’ ಚಿತ್ರದಲ್ಲಿ ಯುವ ಜಿಲ್ಲಾಧಿಕಾರಿ. ‘ಘಟಶ್ರಾದ್ಧ’ದಲ್ಲಿ (1977) ವೇದಪಾಠಕ್ಕೆ ಬಂದ ಹುಡುಗ ದೊಡ್ಡವರ ಕ್ರೌರ್ಯ ನೋಡುತ್ತಾನೆ. ಇವರ ಮೂಲಕ ನೋಡುವ ಪ್ರೇಕ್ಷಕನಿಗೆ ಸಂಕಟ ಹೊಸದಾಗಿ ಕಾಣುತ್ತದೆ. ಅದರ ಒಳಗೇ ಬದುಕುವವರ ದಿನನಿತ್ಯದ ನೋಟ ಕಡಿಮೆ ಸಿಗುತ್ತದೆ.

ಮೂರನೆಯದು ಮುಕ್ತಾಯ. ಜನಪ್ರಿಯ ಚಿತ್ರ ಆತಂಕವನ್ನು ಎಬ್ಬಿಸಿ ಕೊನೆಗೆ ಶಮನ ಮಾಡುತ್ತದೆ: ಖಳ ಸಾಯುತ್ತಾನೆ, ಮಳೆ ಬರುತ್ತದೆ, ಬೇರ್ಪಟ್ಟವರು ಕೂಡುತ್ತಾರೆ. ಹೊಸ ಅಲೆಯ ಚಿತ್ರ ಬಗೆಹರಿಯದ ಸ್ಥಿತಿಯಲ್ಲೇ ನಿಲ್ಲುತ್ತದೆ. ಎರಡನ್ನೂ ಆಯಾ ಕಾಲದ ದಾಖಲೆಯೆಂದು ಓದಬೇಕು. ಜನ ಯಾವುದಕ್ಕೆ ಹೆದರಿದ್ದರೆಂದು ಎರಡನೆಯದು ತಿಳಿಸಿದರೆ, ಯಾವ ಸಮಾಧಾನಕ್ಕಾಗಿ ಹಂಬಲಿಸಿದ್ದರೆಂದು ಮೊದಲನೆಯದು ತಿಳಿಸುತ್ತದೆ.

ಕನ್ನಡ ಚಿತ್ರಗಳಲ್ಲಿ ಕಾಣುವ ಬಗೆಗಳು

ಭೂಮಿ ಮತ್ತು ಬರ. ‘ಭೂತಯ್ಯನ ಮಗ ಅಯ್ಯು’ (1974) ಊರಿನ ಮೇಲೆ ಒಬ್ಬನ ಹಿಡಿತ, ಅದಕ್ಕೆ ಎದುರಾದ ಊರಿನ ಸಿಟ್ಟನ್ನು ಹೇಳಿತು. ಅದೇ ವರ್ಷ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಗೇಣಿದಾರರಿಗೆ ಒಡೆತನದ ಹಾದಿ ತೆರೆಯಿತು. ‘ಚೋಮನ ದುಡಿ’ (1975) ದಲಿತನ ಭೂಮಿಯ ಆಸೆ ಕೈಗೂಡದ ಕಥೆ. ಸುಮಾರು ಅರ್ಧ ಶತಮಾನದ ಬಳಿಕ ‘ಕಾಟೇರ’ (2023) ಆ ಭೂಸುಧಾರಣೆಯ ಕಾಲವನ್ನೇ ಜನಪ್ರಿಯ ಚಿತ್ರದ ಅಬ್ಬರದಲ್ಲಿ ಮರಳಿ ಹೇಳಿತು.

ಜಾತಿ ಮತ್ತು ಸಂಪ್ರದಾಯದ ಬಿರುಕು. ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ದಲ್ಲಿ (1970) ಪ್ಲೇಗು ಅಗ್ರಹಾರಕ್ಕೆ ಬರುವ ರೋಗವೂ ಹೌದು, ಅಗ್ರಹಾರದೊಳಗೇ ಇದ್ದ ಕೊಳೆತದ ಚಿಹ್ನೆಯೂ ಹೌದು. ಮದರಾಸಿನ ಸೆನ್ಸಾರ್ ಮಂಡಳಿ ಅದಕ್ಕೆ ತಡೆ ಒಡ್ಡಿತ್ತು. ಬಿಡುಗಡೆಯಾದ ಮೇಲೆ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು.

ಆಳ್ವಿಕೆಯ ಮೇಲಿನ ಅಪನಂಬಿಕೆ. ಇದು ಕನ್ನಡದಲ್ಲಿ ಅತಿ ಉದ್ದಕ್ಕೆ ಹರಿದ ಧಾರೆ. 1975ರ ಜೂನ್‌ನಿಂದ 1977ರ ಮಾರ್ಚಿವರೆಗಿನ ತುರ್ತುಪರಿಸ್ಥಿತಿ ಕನ್ನಡ ಚಿತ್ರರಂಗದವರನ್ನೇ ನುಂಗಿತು. ‘ಸಂಸ್ಕಾರ’ದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿ 1976ರಲ್ಲಿ ಬಂಧಿತರಾಗಿ ಬೆಂಗಳೂರಿನ ಜೈಲಿನಲ್ಲಿದ್ದರು. ಅಸ್ತಮಾದಿಂದ ಜರ್ಜರಿತರಾಗಿ 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪಟ್ಟಾಭಿರಾಮ ರೆಡ್ಡಿ ‘ಚಂಡಮಾರುತ’ದಲ್ಲಿ (1977) ಆ ಕಾಲದ ಉಸಿರುಗಟ್ಟುವಿಕೆಯನ್ನು ಹಿಡಿದರು. ಬಳಿಕ ‘ಅಂತ’ (1981), ‘ಚಕ್ರವ್ಯೂಹ’ (1983), ‘ಆಕ್ಸಿಡೆಂಟ್’ (1985) ಅಧಿಕಾರಸ್ಥರ ಕೃತ್ಯಗಳು ಮುಚ್ಚಿಹೋಗುವುದನ್ನು ಜನಪ್ರಿಯ ಧಾಟಿಯಲ್ಲಿ ಹೇಳಿದವು. ‘ತಬರನ ಕಥೆ’ (1986) ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನನ ಕಥೆ. 2020ರ ನವೆಂಬರ್‌ನಲ್ಲಿ, ಕೋವಿಡ್ ಬೀಗ ತೆರೆದ ಹೊಸತರಲ್ಲೇ ಬಂದ ಮಂಸೋರೆ ನಿರ್ದೇಶನದ ‘ಆಕ್ಟ್ 1978’ ಅಂಥದೇ ಕಚೇರಿಯಲ್ಲಿ ಬಸುರಿ ಹೆಂಗಸೊಬ್ಬಳನ್ನು ಬಾಂಬ್ ಕಟ್ಟಿಕೊಂಡು ಕೂರಿಸಿತು. ತಬರ ಬೇಡುತ್ತಾನೆ, ಈಕೆ ಬೆದರಿಸುತ್ತಾಳೆ. ಮೂವತ್ತನಾಲ್ಕು ವರ್ಷಗಳಲ್ಲಿ ಜನರ ತಾಳ್ಮೆ ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ತಿಳಿಯುತ್ತದೆ.

ಕೋಮು ಸಂಶಯ. ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ (2008) ಕಾರ್ಗಿಲ್ ಯುದ್ಧಕಾಲದ ಕರಾವಳಿಯ ಮೀನುಗಾರರ ಹಳ್ಳಿಯಲ್ಲಿ ನಡೆಯುತ್ತದೆ. ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ, ಊರ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ದೂರದ ಯುದ್ಧದ ಬಿಸಿ ತಟ್ಟಿ, ನೆರೆಹೊರೆಯವರೇ ಅವಳನ್ನು ಅನ್ಯಳಾಗಿ ನೋಡತೊಡಗುತ್ತಾರೆ. ಪರದೆಯೇ ಜನರನ್ನು ಕೂಡಿಸಿ, ಪರದೆಯೇ ಒಡೆಯುವುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಕನ್ನಡ ಚಿತ್ರ ಬೇರೆ ಸಿಗುವುದು ಕಷ್ಟ. ಉಮಾಶ್ರೀ ಅವರಿಗೆ ಈ ಪಾತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು.

ಬೀದರ್ ಸೀಮೆ: ಆತಂಕಗಳ ನೆಲೆ

ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರ್ 18ನೇ ಶತಮಾನದಿಂದ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದು. ಕನ್ನಡ ಶಾಲೆ ನಡೆಸುವುದು ಅನುಮಾನಕ್ಕೆ ಎಡೆಮಾಡುತ್ತಿದ್ದ ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಸೀಮೆಯ ಜನ ಇಂದಿಗೂ ಹೇಳುವ ಸಂಗತಿ. ಭಾಷೆ ಕಳೆದುಹೋದೀತೆಂಬ ಆತಂಕ ಇಲ್ಲಿ ಅಷ್ಟು ಹಳೆಯದು.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಹೈದರಾಬಾದ್ ಸಂಸ್ಥಾನ ಒಕ್ಕೂಟ ಸೇರಲಿಲ್ಲ. ಮುಂದಿನ ಹದಿಮೂರು ತಿಂಗಳು ಖಾಸಿಂ ರಜ್ವಿ ನಾಯಕತ್ವದ, ನಿಜಾಮರ ಪರವಾದ ಖಾಸಗಿ ಸಶಸ್ತ್ರ ಪಡೆ ರಜಾಕಾರರ ದಾಳಿಗಳ ಕಾಲ. 1948ರ ಮೇಯಲ್ಲಿ ಬಸವಕಲ್ಯಾಣ ಸಮೀಪದ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಇವುಗಳಲ್ಲಿ ಅತ್ಯಂತ ಕರಾಳವಾದುದು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು. 17ರಂದು ನಿಜಾಮರು ಶರಣಾದರು. ಆ ಬಳಿಕದ ವಾರಗಳಲ್ಲಿ ಸೇಡಿನ ಹಿಂಸೆಗೆ ಮುಸ್ಲಿಮರು ಬಲಿಯಾದರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ಹಾನಿಗೀಡಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್‌ಗಳನ್ನು ಹೆಸರಿಸಿತು. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಸಿಕ್ಕಿದ್ದು 2013ರಲ್ಲಿ. ಹೀಗೆ ಒಂದೇ ವರ್ಷದಲ್ಲಿ, ಒಂದೇ ಸೀಮೆಯಲ್ಲಿ, ಎರಡೂ ಸಮುದಾಯಗಳ ಮನೆಗಳಲ್ಲಿ ಬೇರೆಬೇರೆ ತಿಂಗಳುಗಳ ಭಯ ಉಳಿದುಕೊಂಡಿತು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಹಳೆಯ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ, ಉದಗೀರ್, ನಿಲಂಗಾ, ಅಹ್ಮದ್‌ಪುರ ಮರಾಠಿ ಭಾಗಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಮರಾಠಿ ಮಾತು ದಟ್ಟವಾಗಿರುವ ಔರಾದ್, ಭಾಲ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗಡಿಯ ತಕರಾರು ಜೀವಂತವಾಗಿ ಉಳಿಯಿತು. ಮಹಾರಾಷ್ಟ್ರ ತನಗೆ ಬೇಕೆಂದು ಹೇಳುವ 865 ಹಳ್ಳಿ–ಪಟ್ಟಣಗಳ ಪಟ್ಟಿಯಲ್ಲಿ ಬೀದರ್ ಜಿಲ್ಲೆಯವೂ ಇವೆ. 2004ರಲ್ಲಿ ಅದು ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ.

ಮಣ್ಣು ಮತ್ತು ಮಳೆಯ ಆತಂಕ ಇವೆಲ್ಲದಕ್ಕೂ ಕೆಳಗಿನ ಪದರ. ಮಾಂಜ್ರಾ ನದಿ ಔರಾದ್, ಭಾಲ್ಕಿ, ಬೀದರ್ ತಾಲ್ಲೂಕುಗಳಲ್ಲಿ ಹರಿದರೂ ಬೇಸಾಯ ಬಹುಪಾಲು ಮಳೆ ನಂಬಿದ್ದು. 1972ರ ಸುಮಾರಿನ ದಖ್ಖನ್ ಬರ ಇಲ್ಲಿಯ ಹಿರಿಯರ ನೆನಪಿನಲ್ಲಿ ಕಾಲ ಎಣಿಸುವ ಗುರುತಾಗಿ ನಿಂತಿದೆ. 1997–98ರಲ್ಲಿ ತೊಗರಿ ಬೆಳೆ ಕೈಕೊಟ್ಟಾಗ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ನಡೆದವು. ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ 1999ರಲ್ಲಿ ಬೀದರ್‌ನ ಕೃಷಿ ಸಂಕಟದ ಬಗ್ಗೆ ಪ್ರಕಟಿಸಿದ ಅಧ್ಯಯನ, ಕರ್ನಾಟಕದಲ್ಲಿ ಈ ವಿಷಯದ ಮೊದಲ ಗಂಭೀರ ಬರಹಗಳಲ್ಲಿ ಒಂದು. 2016ರ ಏಪ್ರಿಲ್‌ನಲ್ಲಿ ಕುಡಿಯುವ ನೀರು ಹೊತ್ತ ರೈಲು ಹೋದದ್ದು ನೆರೆಯ ಲಾತೂರಿಗೆ. ಆ ಊರಿಗೆ ನೀರೊದಗಿಸುವ ಜಲಾಶಯ ಇರುವುದೂ ಇದೇ ಮಾಂಜ್ರಾ ನದಿಗೆ.

ಸೀಮೆಯ ಸಿನಿಮಾ ನೋಟ

ಬೀದರ್‌ಗೆ ಬೆಂಗಳೂರು ಸುಮಾರು 700 ಕಿ.ಮೀ. ದೂರ. ಹೈದರಾಬಾದ್ ಅದರ ಕಾಲುಭಾಗಕ್ಕಿಂತ ಕಡಿಮೆ ದಾರಿ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ತೆಲಂಗಾಣ, ಮರಾಠವಾಡ ಹಾಗೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಒಟ್ಟಾಗಿ ‘ನಿಜಾಮ್’ ವಲಯವೆಂದೇ ಕರೆಯುತ್ತ ಬಂದಿದ್ದಾರೆ. ಸಂಸ್ಥಾನ ಹೋಗಿ ಏಳು ದಶಕ ಕಳೆದರೂ ಚಿತ್ರ ಹಂಚಿಕೆಯ ನಕ್ಷೆಯಲ್ಲಿ ಅದು ಉಳಿದಿದೆ. ಈ ಕಾರಣದಿಂದ ಬೀದರ್ ಸೀಮೆಯ ಪ್ರೇಕ್ಷಕ ಹಿಂದಿ, ತೆಲುಗು, ಮರಾಠಿ, ಕನ್ನಡ ಚಿತ್ರಗಳನ್ನು ಬೆರೆಸಿ ನೋಡಿದವನು. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್‌ಗೆ ಒಡ್ಡಿದ ಅಘೋಷಿತ ತಡೆ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದಕ್ಕೆ ವಿಧಿಸಿದ ದಂಡ, ಇವು ದಕ್ಷಿಣದಲ್ಲಿ ದೊಡ್ಡ ಚರ್ಚೆಗಳು. ಮೂಲವನ್ನೇ ಕೇಳಿ ತಿಳಿಯಬಲ್ಲ ಈ ಸೀಮೆಯಲ್ಲಿ ಅವುಗಳ ಪರಿಣಾಮ ತೆಳು.

ಹಾಗಾಗಿ ಇಲ್ಲಿಯ ಆತಂಕದ ಚಿತ್ರಪಟ್ಟಿ ಮಾಡುವಾಗ ರಾಜ್ಯದ ಗಡಿ ದಾಟಲೇಬೇಕು. ಶ್ಯಾಮ್ ಬೆನಗಲ್ ಅವರ ‘ಅಂಕುರ್’ (1974), ‘ನಿಶಾಂತ್’ (1975) ಚಿತ್ರಗಳ ಜಮೀನ್ದಾರಿ ಲೋಕ ಹಳೆಯ ನಿಜಾಮ್ ಸೀಮೆಯದು. ಅಲ್ಲಿ ಪಾತ್ರಗಳಾಡುವ ದಖನಿ ಬೀದರ್ ನಗರದ ಓಣಿಗಳಲ್ಲಿ ಕೇಳುವ ಮಾತಿಗೆ ಹತ್ತಿರ. ಕೃಷನ್ ಚಂದರ್ ಅವರ ಉರ್ದು ಕಾದಂಬರಿ ಆಧರಿಸಿ ಗೌತಮ್ ಘೋಷ್ ತೆಲುಗಿನಲ್ಲಿ ಮಾಡಿದ ‘ಮಾ ಭೂಮಿ’ (1979) ತೆಲಂಗಾಣ ರೈತ ಹೋರಾಟದ ಜೊತೆಗೆ ಸಂಸ್ಥಾನದ ಕೊನೆಯ ವರ್ಷಗಳನ್ನು ನೇರವಾಗಿ ತೋರಿಸಿತು. ಬೆಂಗಳೂರಿನ ದೀಪಾ ಧನರಾಜ್ 1984ರ ಹೈದರಾಬಾದ್ ಗಲಭೆಗಳ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ‘ಕ್ಯಾ ಹುವಾ ಇಸ್ ಶಹರ್ ಕೋ?’ (1986) ಗಲಭೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಅದರ ಹಿಂದೆ ರಾಜಕೀಯದ ಸಿದ್ಧತೆ ಇರುತ್ತದೆ ಎಂಬುದನ್ನು ದಾಖಲಿಸಿತು. ನಾಗರಾಜ ಮಂಜುಳೆ ಅವರ ಮರಾಠಿ ‘ಸೈರಾಟ್’ನಲ್ಲಿ (2016) ಜಾತಿ ಮೀರಿ ಪ್ರೀತಿಸಿದ ಹುಡುಗ ಹುಡುಗಿ ಸೊಲ್ಲಾಪುರದ ಕಡೆಯಿಂದ ಓಡಿ ಸೇರುವುದು ಹೈದರಾಬಾದನ್ನೇ. ಔರಾದ್, ಭಾಲ್ಕಿಯಿಂದ ಕೂಲಿ ಹುಡುಕಿ ಹೊರಟವರೂ ಹಿಡಿಯುವ ದಾರಿ ಅದು. ಮರುವರ್ಷ ‘ಸೈರಾಟ್’ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಗಿ ಬಂತು.

ಇದಕ್ಕೆ ಹೋಲಿಸಿದರೆ ಕನ್ನಡ ಚಿತ್ರರಂಗ ಈ ಸೀಮೆಯನ್ನು ಹೆಚ್ಚಾಗಿ ಕಂಡದ್ದು ಬಸವಣ್ಣನ ಕಾಲದ, 12ನೇ ಶತಮಾನದ ಕಲ್ಯಾಣವಾಗಿ (ಇಂದಿನ ಬಸವಕಲ್ಯಾಣ). ‘ಜಗಜ್ಯೋತಿ ಬಸವೇಶ್ವರ’ (1959) ರಾಜ್ಯ ಒಂದಾದ ಮೂರೇ ವರ್ಷಕ್ಕೆ ಬಂತು. ಹೊಸದಾಗಿ ಕೂಡಿದ ನಾಡಿಗೆ ಹಳೆಯ ಏಕತೆಯ ನೆನಪು ಬೇಕಿದ್ದ ಕಾಲವದು. ‘ಕ್ರಾಂತಿಯೋಗಿ ಬಸವಣ್ಣ’ (1983) ಜಾತಿವಿರೋಧದ ಮಾತು ಬಲವಾಗಿದ್ದ ದಶಕದ್ದು. ಎರಡೂ ತಮ್ಮ ಕಾಲದ ತಳಮಳವನ್ನು ಎಂಟುನೂರು ವರ್ಷ ಹಿಂದಕ್ಕೆ ಒಯ್ದು ಹೇಳಿದ ಓರೆ ಚಿತ್ರಣಗಳು. 20ನೇ ಶತಮಾನದ ಬೀದರ್ ಕನ್ನಡ ತೆರೆಯ ಮೇಲೆ ಮುಖ ತೋರಿಸಿದ್ದು ಮುಖ್ಯವಾಗಿ ಒಂದೇ ಚಿತ್ರದಲ್ಲಿ.

‘ಬರ’

ಯು.ಆರ್. ಅನಂತಮೂರ್ತಿ ಅವರ ‘ಬರ’ ಕಥೆಯನ್ನು ಎಂ.ಎಸ್. ಸತ್ಯು 1980ರ ದಶಕದ ಆರಂಭದಲ್ಲಿ ಕನ್ನಡದಲ್ಲಿ ಚಿತ್ರವಾಗಿಸಿದರು. ಬಹುಪಾಲು ಚಿತ್ರೀಕರಣ ನಡೆದದ್ದು ಬೀದರ್ ಮತ್ತು ಸುತ್ತಮುತ್ತ. ಜಿಲ್ಲಾಧಿಕಾರಿಯ ಪಾತ್ರ ಅನಂತನಾಗ್ ಅವರದು. ಹಿಂದಿ ರೂಪ ‘ಸೂಖಾ’ 1983ರಲ್ಲಿ ಬಂತು. ಕನ್ನಡ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಹಿಂದಿ ರೂಪಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಸಂದವು. ಬರದ ಕುರಿತ ಚಿತ್ರಕ್ಕೆ ಭಾವೈಕ್ಯದ ಪ್ರಶಸ್ತಿ ಸಿಕ್ಕಿದ್ದರಲ್ಲೇ ಅದರ ಕಥೆಯ ದಿಕ್ಕು ತಿಳಿಯುತ್ತದೆ.

ಕಥೆಯ ಕೀಲಿ ಒಂದು ಆಡಳಿತ ಕ್ರಮದಲ್ಲಿದೆ. ಮಳೆ ಬಾರದಿದ್ದರೆ ಬರವಾಯಿತೆಂದು ಊರು ತಿಳಿಯುತ್ತದೆ. ಸರ್ಕಾರಕ್ಕೆ ಬರವಾಗುವುದು ಅದು ‘ಬರಪೀಡಿತ’ ಎಂದು ಘೋಷಿಸಿದ ದಿನ. ಪರಿಹಾರ ಕಾಮಗಾರಿ, ವಿಶೇಷ ಅನುದಾನ, ಸಾಲ ಮತ್ತು ಕಂದಾಯ ವಸೂಲಿಯ ಮುಂದೂಡಿಕೆ ಎಲ್ಲವೂ ಆ ಘೋಷಣೆಯ ಮೇಲೆ ನಿಂತಿವೆ. ನಿಷ್ಠಾವಂತನಾದ, ಓದಿಕೊಂಡ, ಬಡವರ ಬಗ್ಗೆ ಕಾಳಜಿಯುಳ್ಳ ಯುವ ಜಿಲ್ಲಾಧಿಕಾರಿ ಅದನ್ನು ಕೊಡಿಸಲು ಹೆಣಗುತ್ತಾನೆ. ರಾಜಧಾನಿಯ ಪಕ್ಷ ರಾಜಕೀಯದ ಲೆಕ್ಕದಲ್ಲಿ ಜಿಲ್ಲೆಯ ಹಸಿವು ಒಂದು ದಾಳವಾಗುತ್ತದೆ. ಇತ್ತ ವ್ಯಾಪಾರಿಗಳು ಧಾನ್ಯ ಬಚ್ಚಿಡುತ್ತಾರೆ, ಸ್ಥಳೀಯ ನಾಯಕರು ಅವಕಾಶ ಹುಡುಕುತ್ತಾರೆ. ಹಸಿವಿನ ಸಿಟ್ಟು ಗೋದಾಮಿನ ಕಡೆಗೂ ಕಚೇರಿಯ ಕಡೆಗೂ ತಿರುಗಬೇಕಿದ್ದ ಹೊತ್ತಿನಲ್ಲಿ ಕೋಮುಗಲಭೆಯ ಕಡೆಗೆ ಹೊರಳುತ್ತದೆ.

ಮುಖವಿಲ್ಲದ ಕೇಡಿಗೆ ಮುಖ ಹುಡುಕುವ ಕೆಲಸವನ್ನು ಸಿನಿಮಾಗಳು ಮಾಡುತ್ತವೆ ಎಂದು ಮೇಲೆ ಹೇಳಲಾಯಿತು. ‘ಬರ’ದ ವಿಶೇಷವೆಂದರೆ ಆ ಕೆಲಸವನ್ನು ಅದು ತಾನು ಮಾಡದೆ, ಊರು ಹಾಗೆ ಮಾಡುವುದನ್ನು ತೋರಿಸುತ್ತದೆ. ನೀರಿಲ್ಲದ ಊರಿನಲ್ಲಿ ಯಾರೋ ಯಾರನ್ನೋ ತೋರಿಸಿ ಇವರೇ ಕಾರಣ ಎನ್ನುತ್ತಾರೆ, ಜನ ನಂಬುತ್ತಾರೆ. 1948ರ ನೆನಪು ಇನ್ನೂ ಆರದ ಜಿಲ್ಲೆಯಲ್ಲಿ, ಹಿಂದೂ ಮುಸ್ಲಿಮರು ಗೋಡೆಗೆ ಗೋಡೆ ತಾಗಿಸಿ ಬದುಕುವ ಹಳೆಯ ನಗರದಲ್ಲಿ ಇದನ್ನು ಚಿತ್ರೀಕರಿಸಿದ್ದು ಕಥೆಗೆ ಹೆಚ್ಚಿನ ತೂಕ ಕೊಟ್ಟಿತು. ಚಿತ್ರ 1948ರ ಕಾಲದ ಕಥೆಯಲ್ಲ; ಆದರೂ ‘ಗರ್ಮ್ ಹವಾ’ ಮಾಡಿದ ನಿರ್ದೇಶಕನ ಕಣ್ಣು ಬರದ ಬಯಲಿನಲ್ಲೂ ಅದೇ ಸಂಶಯವನ್ನು ಗುರುತಿಸಿತು.

ಚಿತ್ರದ ಮಿತಿಯೂ ಅದರ ನೋಟದಲ್ಲೇ ಇದೆ. ಕಥೆಯ ಕೇಂದ್ರದಲ್ಲಿರುವುದು ಅಧಿಕಾರಿಯ ಆತ್ಮಸಾಕ್ಷಿ. ಹೊಲ ಬಿಟ್ಟು ಹೊರಟ ಒಕ್ಕಲು, ಕಾಮಗಾರಿಯಲ್ಲಿ ಕಲ್ಲು ಹೊರುವ ಹೆಂಗಸು, ತಾಂಡಾದ ಲಂಬಾಣಿ ಕುಟುಂಬ ಅವನ ದೃಷ್ಟಿಯಲ್ಲಿ ಕಂಡಷ್ಟೇ ಪ್ರೇಕ್ಷಕನಿಗೂ ಕಾಣುತ್ತಾರೆ. ಜಿಲ್ಲೆಯ ಜನರ ಸಂಕಟಕ್ಕಿಂತ ಒಳ್ಳೆಯ ಆಡಳಿತಗಾರನೊಬ್ಬನ ಅಸಹಾಯಕತೆ ಮುನ್ನೆಲೆಗೆ ಬರುತ್ತದೆ. ತುರ್ತುಪರಿಸ್ಥಿತಿ ಮುಗಿದ ಮೇಲಿನ ವಿದ್ಯಾವಂತ ವರ್ಗದ ಆತಂಕವೂ ಅದೇ ಆಗಿತ್ತು: ವ್ಯವಸ್ಥೆಯ ಒಳಗಿದ್ದು ಏನಾದರೂ ಒಳ್ಳೆಯದು ಮಾಡಲು ಸಾಧ್ಯವೆ?

ಉಪಯೋಗ

ಚರಿತ್ರೆಯ ಅಭ್ಯಾಸಿಗಳಿಗೆ ಇಂಥ ಚಿತ್ರಗಳು ಘಟನೆಯ ಸಾಕ್ಷ್ಯಕ್ಕಿಂತ ಭಾವನೆಯ ಸಾಕ್ಷ್ಯವಾಗಿ ಬೇಕಾಗುತ್ತವೆ. ಸರ್ಕಾರಿ ದಾಖಲೆಯಲ್ಲಿ ಮಳೆಯ ಪ್ರಮಾಣ, ಬೆಳೆಹಾನಿ, ಪರಿಹಾರದ ಮೊತ್ತ ಸಿಗುತ್ತದೆ. ಕಚೇರಿಯ ಮುಂದೆ ಕಾಯುವವರ ಮೈಭಾಷೆ, ಅಧಿಕಾರಿಯ ಜೀಪು ಬಂದಾಗ ಊರು ನಿಲ್ಲುವ ಬಗೆ ಸಿಗುವುದು ಸಿನಿಮಾದಲ್ಲಿ. ಚಿತ್ರೀಕರಣ ನಿಜವಾದ ಸ್ಥಳದಲ್ಲಿ ನಡೆದಿದ್ದರೆ ಮನೆ, ರಸ್ತೆ, ಉಡುಪು, ಹೊಲಗಳ ದಾಖಲೆಯೂ ಉಳಿಯುತ್ತದೆ.

ಸಂಕಟಕಾಲದಲ್ಲಿ ಹಳೆಯ ಚಿತ್ರಗಳಿಗೆ ಮರುಜೀವ ಬರುವುದೂ ಉಂಟು. 2020ರಲ್ಲಿ ಕೋವಿಡ್ ಹರಡಿದಾಗ ಜಗತ್ತಿನೆಲ್ಲೆಡೆ ಜನ ಸಾಂಕ್ರಾಮಿಕ ರೋಗದ ಕಥೆಯುಳ್ಳ ‘ಕಂಟೇಜಿಯನ್’ (2011) ಚಿತ್ರವನ್ನು ಹುಡುಕಿ ನೋಡಿದರು.

ಮಿತಿಗಳು ಮತ್ತು ವಿವಾದ

ಯಾವ ಚಿತ್ರವೂ ಸಮಾಜದ ಪೂರ್ತಿ ಪ್ರತಿಬಿಂಬವಲ್ಲ. ಬಂಡವಾಳ ಹಾಕುವವರು, 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಕೊಡುವ ಮಂಡಳಿ, ಹಂಚಿಕೆದಾರರು, ಚಿತ್ರಮಂದಿರದವರು ಎಲ್ಲರ ಕೈ ದಾಟಿ ಬಂದ ಆತಂಕ ಮಾತ್ರ ಪ್ರೇಕ್ಷಕನನ್ನು ಮುಟ್ಟುತ್ತದೆ. ತುರ್ತುಪರಿಸ್ಥಿತಿಯಲ್ಲಿ ‘ಕಿಸ್ಸಾ ಕುರ್ಸಿ ಕಾ’ ಹಿಂದಿ ಚಿತ್ರದ ಪ್ರತಿಗಳನ್ನೇ ನಾಶ ಮಾಡಲಾಯಿತು. ಚಿತ್ರ ಮಾಡಲು ಹಣ, ತರಬೇತಿ, ಊರಿನ ಹತ್ತಿರದ ಚಿತ್ರೋದ್ಯಮ ಯಾವುದೂ ಇಲ್ಲದ ಸೀಮೆಗಳ ಆತಂಕ ಬೇರೆಯವರ ಕಥೆಯಲ್ಲಿ ಉಪಕಥೆಯಾಗುತ್ತದೆ. ಬೀದರ್‌ನ ವಿಷಯದಲ್ಲಿ ಆದದ್ದು ಇದೇ.

ಎರಡನೆಯ ವಿವಾದ ಪ್ರತಿಬಿಂಬ ಮತ್ತು ಪ್ರಚೋದನೆಯ ನಡುವಿನದು. ಚಿತ್ರ ಇದ್ದ ಆತಂಕವನ್ನು ತೋರಿಸುವುದಷ್ಟೇ ಅಲ್ಲ, ಇಲ್ಲದ ಕಡೆ ಹುಟ್ಟಿಸಬಹುದು, ಮಾಸುತ್ತಿದ್ದುದನ್ನು ಕೆದಕಬಹುದು. 2024ರ ಮಾರ್ಚಿಯಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಬಂದ ತೆಲುಗು ಚಿತ್ರ ‘ರಜಾಕಾರ್’ ಈ ಚರ್ಚೆಯನ್ನು ಬೀದರ್ ಸೀಮೆಗೆ ಹತ್ತಿರ ತಂದಿತು. ಹಿಂದೂಗಳ ಮೇಲೆ ನಡೆದ ರಜಾಕಾರರ ದೌರ್ಜನ್ಯ ಅದರ ವಸ್ತು. ದೌರ್ಜನ್ಯ ನಡೆದದ್ದು ನಿಜ, ಅದನ್ನು ಅನುಭವಿಸಿದ ಕುಟುಂಬಗಳು ಇಲ್ಲಿಯೇ ಇವೆ. ಆದರೆ 1948ರ ಕಥೆಯನ್ನು ಸೆಪ್ಟೆಂಬರ್ 17ಕ್ಕೆ ನಿಲ್ಲಿಸಿದರೆ ಸುಂದರಲಾಲ್ ವರದಿಯಲ್ಲಿರುವ ಸಾವುಗಳು ತೆರೆಯಿಂದ ಹೊರಗುಳಿಯುತ್ತವೆ. ಆ ವರ್ಷವನ್ನು ತೋರಿಸುವ ಯಾವುದೇ ಚಿತ್ರವನ್ನು ಅಳೆಯಬೇಕಾದದ್ದು ಈ ಎರಡೂ ಭಾಗಗಳ ಎದುರಿಟ್ಟು.

ಇಂದಿನ ಸ್ಥಿತಿ

2020ರ ಮಾರ್ಚಿಯಲ್ಲಿ ಚಿತ್ರಮಂದಿರಗಳಿಗೆ ಬೀಗ ಬಿದ್ದ ಮೇಲೆ ನೋಡುವ ಕ್ರಮ ಬದಲಾಯಿತು. ಒಟ್ಟಿಗೆ ಕತ್ತಲಲ್ಲಿ ಕೂತು ನೋಡುತ್ತಿದ್ದ ಆತಂಕವನ್ನು ಈಗ ಬಹಳ ಜನ ಮೊಬೈಲಿನಲ್ಲಿ ಒಬ್ಬೊಬ್ಬರಾಗಿ ನೋಡುತ್ತಾರೆ. ಲಾಕ್‌ಡೌನ್ ಕುರಿತು ಕನ್ನಡದಲ್ಲಿ ಬಂದ ‘ಇಕ್ಕಟ್’ (2021) ಬಿಡುಗಡೆಯಾದದ್ದೇ ಓಟಿಟಿಯಲ್ಲಿ. ಒಂದೇ ಮನೆಯೊಳಗೆ ಸಿಕ್ಕಿಬಿದ್ದ ಗಂಡ ಹೆಂಡತಿಯ ಹಾಸ್ಯ ಅದು. ನಗರದವರಿಗೆ ಲಾಕ್‌ಡೌನ್ ಎಂದರೆ ಮನೆಯೊಳಗಿನ ಇಕ್ಕಟ್ಟು. ಕಲ್ಯಾಣ ಕರ್ನಾಟಕದವರಿಗೆ ಅದು ಮನೆಗೆ ಮುಟ್ಟಲಾಗದ ಸಂಕಟ: ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳಲ್ಲಿ ಕಟ್ಟಡ ಕೆಲಸಕ್ಕಿದ್ದವರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದರು. ಉತ್ಸವ್ ಗೋನವಾರ ನಿರ್ದೇಶನದ ‘ಫೋಟೋ’ ಈ ಎರಡನೆಯ ಅನುಭವದ ಚಿತ್ರ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಬಳಿ ಬಂದ ರಾಯಚೂರು ಸೀಮೆಯ ಹುಡುಗ, ಲಾಕ್‌ಡೌನ್ ಘೋಷಣೆಯಾಗಿ ಅಪ್ಪನೊಂದಿಗೆ ಊರಿಗೆ ನಡೆಯಬೇಕಾಗುತ್ತದೆ. ಇಲ್ಲಿ ಹೊರಗಿನಿಂದ ಬಂದು ನೋಡುವ ಅಧಿಕಾರಿ ಇಲ್ಲ. ಸಂಕಟದೊಳಗಿನವರದೇ ನೋಟ, ಅವರದೇ ಮಾತು. ‘ಬರ’ದ ನಲವತ್ತು ವರ್ಷಗಳ ನಂತರ ಈ ಭಾಗದ ಕನ್ನಡ ಚಿತ್ರ ತಲುಪಿದ ಮುಖ್ಯ ಬದಲಾವಣೆ ಇದು.

ಬೀದರ್, ಭಾಲ್ಕಿ, ಔರಾದ್‌ಗಳ ತೊಗರಿ ರೈತರ ಸಾವುಗಳು, 1956ರಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋದ ಕುಟುಂಬಗಳು, ಉರ್ದು ಫಲಕದ ಹಿಂದಿನ ಕನ್ನಡ ಶಾಲೆ, 1948ರ ಎರಡೂ ಬಗೆಯ ನೆನಪುಗಳು ಹೆಚ್ಚಾಗಿ ಉಳಿದಿರುವುದು ಬಾಯಿಮಾತು, ಆತ್ಮಕಥೆ, ಸಂಶೋಧನಾ ಬರಹ ಮತ್ತು ಸ್ಮಾರಕಗಳಲ್ಲಿ. 2023ರ ಮಾರ್ಚಿಯಲ್ಲಿ ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. 1948ರ ಹಿಂಸೆಯನ್ನು ಕಣ್ಣಾರೆ ಕಂಡವರಲ್ಲಿ ಬದುಕಿರುವವರು ಈಗ ಎಂಬತ್ತು ದಾಟಿದವರು. ಅವರ ಮಾತನ್ನು ಕ್ಯಾಮೆರಾದಲ್ಲಿ ದಾಖಲಿಸುವ ಕೆಲಸಕ್ಕೆ ಉಳಿದಿರುವ ಕಾಲ ಕಡಿಮೆ.